ನಿಮ್ಮ ಪಾಲಿನ ಕೋನ್‌ಫ್ಲವರ್

ಉಧ್ನಾ, ಸೂರತ್
೧೭ ನವೆಂಬರ್ ೧೯೯೬

ಹೃಷಿಕೇಶ ಅವರಿಗೆ,

ಮದುವೆಯಾದಾಗಿನಿಂದ ನಿಮ್ಮ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ವಕೀಲರ ಕಾಗದಗಳಲ್ಲಿ ಬರೆದೂ ಬರೆದೂ ಈಗ ರೂಢಿಯಾಗಿದೆ, ಬೇಸರ ಮಾಡಿಕೊಳ್ಳಬೇಡಿ. ನಾನು ಕ್ಷೇಮ. ನೀವು ಕ್ಷೇಮವೋ ಇಲ್ಲವೋ ನಿಮ್ಮ ಕಾಗದದಲ್ಲಿರಲಿಲ್ಲ. ನಿಮ್ಮ ಪಾಲಿನ ಕೋನ್‌ಫ್ಲವರ್ ಗಿಡ ಬರೋಡಾದಲ್ಲಿ ಬಾಡುತ್ತಿದೆ, ಏನು ಮಾಡಲಿ ಎಂದಷ್ಟೇ ಇತ್ತು.

ಬಾಡದೆ ಇನ್ನೇನು? ಬ್ಯಾಂಕಿಗೆ ಹೋಗುವ ಮುಂಚೆ ಒಂದು ಚೊಂಬು, ಬಂದ ಮೇಲೆ ಒಂದು ಚೊಂಬು ನೀರು ಹಾಕುತ್ತೀರಂತೆ. ಅದೇನು ಸಂಧ್ಯಾವಂದನೆಯೇ? ಮಣ್ಣಿಗೆ ಬೆರಳು ಹಾಕಿ ನೋಡಿ, ಒಳಗೂ ಒಣಗಿದ್ದರೆ ಮಾತ್ರ ನೀರು. ಎಣ್ಣೆ ಡಬ್ಬದಲ್ಲಿ ನೆಟ್ಟಿದ್ದರೆ ತಳಕ್ಕೆ ಮೊಳೆ ಹೊಡೆದು ತೂತು ಮಾಡಿ, ಮಣ್ಣಿಗೆ ಮರಳು ಬೆರೆಸಿ. ನೆರಳಿನಿಂದ ತೆಗೆದು ಬಿಸಿಲಿಗಿಡಿ. ಗೊಬ್ಬರ ಸುರಿಯಬೇಡಿ. ಹೂವಿನ ಎಸಳು ಉದುರಿ ನಡುವಿನ ಮುಳ್ಳುಮುಳ್ಳಾದ ಉಂಡೆ ಕಪ್ಪಾದ ಮೇಲೆ ಅದನ್ನು ಕತ್ತರಿಸಿದರೆ ಹೊಸ ಮೊಗ್ಗು ಬರುತ್ತದೆ. ಒಂದೆರಡನ್ನು ಬೀಜಕ್ಕೆ ಬಿಡಿ.

ಇಲ್ಲಿ ಪಕ್ಕದ ಮನೆಯ ಪಾರ್ಸಿ ಅಜ್ಜಿ ಈ ಗಿಡದ ಬೀಜ ಕೊಟ್ಟಾಗ, ಚಳಿ ಕಾಣದೆ ಮೊಳೆಯುವುದಿಲ್ಲ ಎಂದಿದ್ದರು. ಅದಕ್ಕೇ ಒದ್ದೆ ಮರಳಿನಲ್ಲಿ ಕಲಸಿ ಫ್ರಿಜ್ಜಿನಲ್ಲಿಟ್ಟಿದ್ದೆ. ನೀವು ಹುರುಳಿ ಚಟ್ನಿಯೆಂದು ಅನ್ನದ ಮೇಲೆ ಹಾಕಿಕೊಂಡು, ತುಪ್ಪವನ್ನೂ ಸುರಿದುಕೊಂಡಿದ್ದಿರಿ. ಈಗಲೂ ನೆನೆದರೆ ಒಬ್ಬಳೇ ನಗುತ್ತೇನೆ.

ಈ ಗಿಡ ಮೊದಲ ವರ್ಷ ಬರೀ ಎಲೆ ಬಿಡುತ್ತದೆ, ಹೂವು ಮರುವರ್ಷಕ್ಕೆ. ಹುಬ್ಬಳ್ಳಿ, ನಾಸಿಕ್, ರಾಜಕೋಟ್, ಎಲ್ಲಿ ಏನು ನೆಟ್ಟರೂ ಅದು ಚಿಗುರುವ ಹೊತ್ತಿಗೆ ನಿಮಗೆ ವರ್ಗವಾಗುತ್ತಿತ್ತು. ಉಧ್ನಾದಲ್ಲಿ ಮೊದಲ ಸಲ ನಾನು ನೆಟ್ಟದ್ದರ ಹೂವನ್ನು ನಾನೇ ಕಂಡೆ. ಶಾಲೆಯಲ್ಲಿ ಕೆಲಸವೂ ಸಿಕ್ಕಿತ್ತು. ಅಷ್ಟರಲ್ಲಿ ನೀವು ಬರೋಡಾಕ್ಕೆ ವರ್ಗದ ಆರ್ಡರ್ ತಂದಿರಿ. ನೀವಾಗಿಯೇ ಕೇಳಿ ಪಡೆದದ್ದೆಂದು ನನಗೆ ತಿಳಿದದ್ದು ನಿಮ್ಮ ಗೆಳೆಯ ಶ್ರೀಪಾದರ ಹೆಂಡತಿಯಿಂದ. ನಾನು ಬರುವುದಿಲ್ಲ ಎಂದೆ. "ಒಂದು ಗಿಡಕ್ಕೋಸ್ಕರ ಗಂಡನ್ನ ಬಿಡ್ತಾರೇನೇ?" ಅಂದಿರಿ. ನನ್ನನ್ನು ಒಂದು ಮಾತು ಕೇಳಲಿಲ್ಲವಲ್ಲ, ನನಗೆ ನೋವಾದದ್ದು ಅದಕ್ಕೆ. ಅದನ್ನು ಈಗ ಬರೆಯುತ್ತಿದ್ದೇನೆ.

ಆಮೇಲೆ ಮನೆಸಾಮಾನಿನ ಪಾಲು, ನಿಮ್ಮ ಬ್ಯಾಂಕಿನ ಲೆಕ್ಕದ ಹಾಗೆ. ಸ್ಟೀಲ್ ಡಬ್ಬಗಳು ಅರ್ಧ, ಹೊದಿಕೆಗಳು ಅರ್ಧ. ಒರಳು ನನಗೆ, ಗುಂಡು ನಿಮಗೆ ಎನ್ನಲಿಲ್ಲ, ನನ್ನ ಪುಣ್ಯ. ಕೊನೆಗೆ ಗಿಡವನ್ನೂ ಅಗೆದು ಚಾಕುವಿನಿಂದ ಸೀಳಿದಿರಿ. ಕೋನ್‌ಫ್ಲವರಿನ ಬೇರು ನೆಟ್ಟಗೆ ಆಳಕ್ಕಿಳಿಯುತ್ತದೆ, ಪಾಲು ಮಾಡಿದರೆ ಅದಕ್ಕೆ ಆಗಿಬರುವುದಿಲ್ಲ. ನಾನು ಪಕ್ಕದಲ್ಲೇ ನಿಂತಿದ್ದೆ, ಹಟಕ್ಕೆ ಬಾಯಿಬಿಡಲಿಲ್ಲ.

ನನ್ನ ಪಾಲಿನದು ಚೆನ್ನಾಗಿದೆ, ಮೊಗ್ಗಾಗಿದೆ. ಮಗ್ಗದ ಕಾರ್ಖಾನೆಗಳ ಧೂಳು ಎಲೆಯ ಮೇಲೆ ಕೂರುತ್ತದೆ, ಭಾನುವಾರ ಒರೆಸುತ್ತೇನೆ.

ಫೆಬ್ರವರಿಯಲ್ಲಿ ಇಬ್ಬರೂ ಕೋರ್ಟಿನಲ್ಲಿ ಇನ್ನೊಮ್ಮೆ ಒಪ್ಪಿಗೆ ಹೇಳಬೇಕಂತೆ. ಹೇಳಿದರೆ ಮದುವೆ ಮುಗಿಯಿತು. ನೀವೇನು ಹೇಳುತ್ತೀರೆಂದು ಬರೆದಿಲ್ಲ, ನಾನೂ ಬರೆಯುವುದಿಲ್ಲ. ಸಂಜೆ ಬೀಗ ತೆಗೆದು ಒಳಗೆ ಬಂದರೆ ಮನೆ ಬಿಕೋ ಎನ್ನುತ್ತದೆ. ಅಷ್ಟು ಮಾತ್ರ ನಿಜ.

ಆರೋಗ್ಯ ನೋಡಿಕೊಳ್ಳಿ.

ಇಂತಿ,
ಶಕುಂತಲಾ

ವಿ.ಸೂ: ನನ್ನ ಗಿಡ ಚೆನ್ನಾಗಿದೆ ಎಂದದ್ದು ಸುಳ್ಳು. ನೀವು ಬರೋಡಾಕ್ಕೆ ಹೋದ ಒಂದೇ ವಾರಕ್ಕೆ ಸತ್ತಿತು, ಬೇರು ಪೂರ್ತಿ ನಿಮ್ಮ ಕಡೆಗೇ ಹೋಗಿತ್ತು. ಉಳಿದಿರುವುದು ನಿಮ್ಮಲ್ಲಿರುವುದೊಂದೇ. ಶನಿವಾರ ಶಾಲೆ ಮುಗಿಸಿ ರೈಲು ಹಿಡಿದು ಅದನ್ನು ನೋಡಲು ಬರುತ್ತೇನೆ, ಸೋಮವಾರದ ಹೊತ್ತಿಗೆ ಹಿಂದಿರುಗಬೇಕು. ಶಾಲೆ ಬಿಡುವುದಿಲ್ಲ, ನಿಮ್ಮ ಬ್ಯಾಂಕು ಬಿಡಿ ಎನ್ನುವುದೂ ಇಲ್ಲ. ಸೂರತ್‌ಗೂ ಬರೋಡಾಕ್ಕೂ ಏನು ಮಹಾ ದೂರ? ಫೆಬ್ರವರಿಗೆ ಕೋರ್ಟಿಗೆ ಬರುವುದಿಲ್ಲವೆಂದು ವಕೀಲರಿಗೆ ಹೇಳಿ ಬಂದೆ. ನಿಮ್ಮನ್ನು ಕೇಳದೆಯೇ ಹೇಳಿದ್ದೇನೆ.