ಯಾರೂ ಕೆಮ್ಮದ ಒಂಬತ್ತು ಗಂಟೆ

ಗದಗ
ಫೆಬ್ರವರಿ ಮೂವತ್ತು, ೨೨೧೪

ಕಿವಿಯಲ್ಲಿ ಪುಸ್ತಕ ಇಟ್ಟುಕೊಂಡು ಓಡಾಡುವ ಹಿರಿಯರಿಗೆ,

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ಯಾಕೆ ಎಂದು ವಿವರಿಸುತ್ತ ಕುಳಿತರೆ ಪತ್ರ ಅಲ್ಲಿಗೇ ಮುಗಿದುಹೋಗುತ್ತದೆ. ಇದು ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆ ಎಂದರೆ ಕಳೆದುಹೋದ ಕಾಲಕ್ಕೆ ಕಳಿಸುವ ಟಪಾಲು. ಅದರಲ್ಲಿ ಮಾತು ಮಾತ್ರ ಹೋಗುತ್ತದೆ, ಉತ್ತರ ಬರುವುದಿಲ್ಲ. ನನ್ನ ಶಬ್ದಗಳು ಅಲ್ಲಲ್ಲಿ ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ಸಿಟ್ಟು ಅನ್ನಿಸಿದರೆ ಕ್ಷಮಿಸಬೇಕಾಗಿಲ್ಲ, ಅದು ಸಿಟ್ಟೇ.

ನನ್ನ ಹೆಸರು ಇರಾವತಿ ಮುಳಗುಂದ. ಗದುಗಿನ ಗಾಳಿಸಂಘದಲ್ಲಿ ಶಬ್ದದ ಎಂಜಿನಿಯರ್. ಗುಡ್ಡದ ಮೇಲೆ ಕರೆಂಟು ಮಾಡುವ ಗಾಳಿಗೋಪುರಗಳ ಸಪ್ಪಳ ಕೇಳಿ ಯಾವ ಭಾಗ ಸವೆದಿದೆ ಎಂದು ಹೇಳುವ ಯಂತ್ರಗಳನ್ನು ನೋಡಿಕೊಳ್ಳುತ್ತೇನೆ. ಕೆಲಸ ಕಡಿಮೆ ಇದ್ದಾಗ ಅವೇ ಯಂತ್ರಗಳಿಂದ, ಹಳೆಯ ಫೋನುಗಳಲ್ಲಿ ಉಳಿದಿರುವ ನಿಮ್ಮ ಆಡಿಯೋ ಪುಸ್ತಕಗಳನ್ನು ಶುಚಿ ಮಾಡುತ್ತೇನೆ. ಕಥೆ, ಕಾದಂಬರಿ ಬೇರೆಯವರ ಪಾಲು. ನನ್ನ ಪಾಲಿಗೆ ಬಂದದ್ದು ವಿಜ್ಞಾನ ಮತ್ತು ವ್ಯಾಪಾರ. ಅವನ್ನು ಕೊನೆಯವರೆಗೆ ಕೇಳಿದವರು ನಿಮ್ಮ ಕಾಲದಲ್ಲೂ ಹೆಚ್ಚಿರಲಿಕ್ಕಿಲ್ಲ. ನೀವು ಅರ್ಧಕ್ಕೆ ಬಿಟ್ಟ ಗುರುತು ಫೋನಿನಲ್ಲಿ ಹಾಗೇ ಇದೆ. ಎರಡು ಪಟ್ಟು ವೇಗದಲ್ಲಿ ಓಡಿಸಿದ ಗುರುತೂ ಇದೆ.

ವ್ಯಾಪಾರದವುಗಳ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ಪೋಸ್ಟ್‌ಕಾರ್ಡಿನಲ್ಲಿ ಹಿಡಿಸುವ ಮಾತನ್ನು ಎಂಟೊಂಬತ್ತು ಗಂಟೆ ಎಳೆಯುತ್ತಾರೆ. ಪ್ರತಿ ಅಧ್ಯಾಯದಲ್ಲೂ ಗೆದ್ದವನೊಬ್ಬ ವಿಮಾನದಿಂದ ಇಳಿಯುತ್ತಾನೆ, ಕಾಫಿ ಕುಡಿಯುತ್ತಾನೆ, ಅವನಿಗೆ ಏನೋ ಹೊಳೆಯುತ್ತದೆ. ಅದೇ ವಿಮಾನದಿಂದ ಇಳಿದು, ಅದೇ ಕಾಫಿ ಕುಡಿದು, ಮನೆಮಠ ಕಳೆದುಕೊಂಡವರು ಎಲ್ಲಿ ಹೋದರು? ಅವರಿಗೆ ಒಂದು ಅಧ್ಯಾಯವೂ ಇಲ್ಲ. ಇನ್ನೇನು ಪುರಾವೆ ಕೊಡುತ್ತಾರೆ ಅನ್ನುವಷ್ಟರಲ್ಲಿ ಜೇನಿನಂಥ ದನಿ ‘ಜೊತೆಗಿರುವ ಪಿಡಿಎಫ್ ನೋಡಿ’ ಎಂದು ಹೇಳಿ ಮುಂದೆ ಹೋಗುತ್ತದೆ. ಸ್ವಾಮಿ, ಆ ಪಿಡಿಎಫ್ ನಮ್ಮವರೆಗೆ ಬಂದಿಲ್ಲ. ನಿಮ್ಮಲ್ಲಿ ಯಾರಾದರೂ ಒಬ್ಬರು ತೆರೆದು ನೋಡಿದ್ದರೇ ಎಂಬ ಅನುಮಾನ ನನಗೆ ಇನ್ನೂ ಹೋಗಿಲ್ಲ.

ವಿಜ್ಞಾನದವು ವಾಸಿ. ಇರುವೆಗಳ ಬಗ್ಗೆ ಒಬ್ಬ ಹೆಂಗಸು ತಾನು ಬರೆದದ್ದನ್ನು ತಾನೇ ಓದಿದ ಪುಸ್ತಕವಿದೆ, ನನಗೆ ಅದರ ಮೇಲೆ ಜೀವ. ಒಂದು ಕಡೆ ಆಕೆ ‘ಇದು ನನಗೆ ಗೊತ್ತಿಲ್ಲ’ ಎಂದು ಹೇಳಿ ಸ್ವಲ್ಪ ಹೊತ್ತು ಸುಮ್ಮನಾಗುತ್ತಾಳೆ. ಆಮೇಲೆ ಹಾಳೆ ತಿರುವಿದ ಸದ್ದು. ನಿಮ್ಮ ಫೋನಿನಲ್ಲಿ ಮೌನವನ್ನು ಕತ್ತರಿಸಿ ಹಾಕುವ ಸೌಲಭ್ಯ ಬೇರೆ ಇತ್ತಲ್ಲ, ಅದನ್ನು ಒತ್ತಿ ನೋಡಿದೆ. ಆಕೆ ಸುಮ್ಮನಾದದ್ದು ಮಾಯವಾಯಿತು. ‘ಗೊತ್ತಿಲ್ಲ’ ಎಂಬ ಮಾತು ಕಿವಿಗೆ ಬಿದ್ದು ಅರ್ಥವಾಗುವ ಮೊದಲೇ ಮುಂದಿನ ಸಾಲು ಓಡಿಬಂತು. ಒಬ್ಬ ಪ್ರಾಮಾಣಿಕ ಹೆಂಗಸಿನ ಹಿಂಜರಿಕೆಯನ್ನು ಉಳಿತಾಯ ಮಾಡಿ ನೀವು ಅಷ್ಟು ಅವಸರದಲ್ಲಿ ಎಲ್ಲಿಗೆ ಹೋಗಬೇಕಿತ್ತು?

ಇಷ್ಟೇ ಆಗಿದ್ದರೆ ಗೊಣಗಿ ಸುಮ್ಮನಾಗುತ್ತಿದ್ದೆ, ಹಿಂದಂಚೆಯವರೆಗೆ ಬರುತ್ತಿರಲಿಲ್ಲ.

ನಮ್ಮಲ್ಲಿ ಪುಸ್ತಕವನ್ನು ಒಬ್ಬರೇ ಓದಿ ದನಿ ಮುದ್ರಿಸುವಂತಿಲ್ಲ. ಓದುವವರ ಪಕ್ಕದಲ್ಲಿ ಎದುರುದನಿಯವರು ಕೂರುತ್ತಾರೆ. ಮಾತು ಅಳತೆ ಮೀರಿತು ಅನ್ನಿಸಿದಾಗ ಅವರು ಮೊದಲು ಒಮ್ಮೆ ಕೆಮ್ಮುತ್ತಾರೆ. ಆಮೇಲೆ ಕೇಳುತ್ತಾರೆ: ಇದು ಹೇಗೆ ಗೊತ್ತು, ಎಷ್ಟು ಜನರನ್ನು ನೋಡಿ ಹೇಳಿದಿರಿ, ಹೀಗೇ ಮಾಡಿ ಸೋತವರು ಏನಾದರು. ಓದುವವರು ಉತ್ತರ ಕೊಟ್ಟ ಮೇಲೇ ಮುಂದಿನ ಸಾಲು. ನಾವು ಮಕ್ಕಳಾಗಿದ್ದಾಗಿನಿಂದ ಕೇಳುತ್ತ ಬಂದದ್ದು ಹೀಗೆ. ಕೆಮ್ಮು ಬಂತೆಂದರೆ ನೆಟ್ಟಗೆ ಕೂರಬೇಕು. ಕೆಮ್ಮಿಲ್ಲದೆ ದಾಟಿದ ಮಾತನ್ನು ನಂಬಬಹುದು. ನನ್ನ ಚಿಗವ್ವ ಫಕೀರವ್ವ, ಅಂದರೆ ನಮ್ಮವ್ವನ ತಂಗಿ, ಮೂವತ್ತು ವರ್ಷದಿಂದ ಎದುರುದನಿ. ನನ್ನನ್ನೂ ತಮ್ಮ ಗವಿಸಿದ್ದನನ್ನೂ ಸಾಕಿದವಳು ಆಕೆಯೇ. ತಮ್ಮ ತನ್ನ ಪರೀಕ್ಷೆಯ ಪ್ರತಾಪ ಕೊಚ್ಚಿಕೊಳ್ಳಲು ಶುರು ಮಾಡಿದರೆ ಅಡುಗೆಮನೆಯಿಂದ ಕೆಮ್ಮು ಕೇಳಿಸುತ್ತಿತ್ತು. ಆ ಕೆಮ್ಮನ್ನು ಗುರುತಿಸದವರು ಗದುಗಿನಲ್ಲಿ ಯಾರೂ ಇಲ್ಲ.

ಕಳೆದ ವರ್ಷ ನಿಮ್ಮದೊಂದು ವ್ಯಾಪಾರದ ಪುಸ್ತಕ ಪೂರ್ತಿಯಾಗಿ ಸಿಕ್ಕಿತು. ನಿನಗೆ ಚೆನ್ನಾಗಿ ಬರುವ ಒಂದನ್ನೇ ಹಿಡಿ, ಉಳಿದದ್ದನ್ನೆಲ್ಲ ಬಿಡು: ಒಂಬತ್ತು ಗಂಟೆಯ ಸಾರ ಇಷ್ಟೇ. ಎದುರುದನಿ ಸೇರಿಸದೆ ಹಾಕಬೇಡಿ ಎಂದು ನಾನು ಬಡಿದುಕೊಂಡೆ. ಸಂಘದ ಅಧ್ಯಕ್ಷರಾದ ಅಡಿವೆಪ್ಪನವರು ಹಳೆಯ ವಸ್ತುವನ್ನು ಇದ್ದ ಹಾಗೇ ಕೇಳಬೇಕು ಎಂದು ಹಟ ಹಿಡಿದು, ಎರಡು ದಿನ ಸಭಾಭವನದಲ್ಲಿ ಎಲ್ಲ ಸದಸ್ಯರಿಗೂ ಕೇಳಿಸಿದರು. ಜನ ಅಭ್ಯಾಸದಂತೆ ಕೆಮ್ಮಿಗಾಗಿ ಕಾದರು. ಬರಲಿಲ್ಲ. ಸಂಜೆಯವರೆಗೂ ಬರಲಿಲ್ಲ, ಮರುದಿನವೂ ಬರಲಿಲ್ಲ. ಒಂಬತ್ತು ಗಂಟೆಯಲ್ಲಿ ಒಂದು ಹುಳುಕೂ ಸಿಗದ ಪುಸ್ತಕವನ್ನು ನಮ್ಮ ಊರು ಅದುವರೆಗೆ ಕೇಳಿರಲಿಲ್ಲ. ಮುಗಿದಾಗ ಕೆಲವರ ಕಣ್ಣು ಒದ್ದೆಯಾಗಿತ್ತು. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಚಿಗವ್ವ ಮಾತ್ರ ಚಪ್ಪಾಳೆ ನಿಲ್ಲುವವರೆಗೆ ಕಾದು ಹೇಳಿದಳು: “ಎದುರುದನಿ ಒಪ್ಪಿಕೊಂಡು ಸುಮ್ಮನ ಕುಂತದ್ದಲ್ಲರೀ. ಅಲ್ಲಿ ಯಾರೂ ಇದ್ದೇ ಇಲ್ಲ.”

ಅಡಿವೆಪ್ಪನವರು ಕೈ ಮುಗಿದೇ ಉತ್ತರ ಕೊಟ್ಟರು. “ಇಷ್ಟು ಚಲೋ ಮಾತಿಗೆ ಯಾರರ ಯಾಕ ಬೇಕಿತ್ತು, ಫಕೀರವ್ವಾರ?”

ಸಂಘಕ್ಕೆ ಚೆನ್ನಾಗಿ ಬರುವುದು ಕರೆಂಟು ಮಾಡುವುದು ಎಂದು ತೀರ್ಮಾನವಾಯಿತು. ಗೋಪುರಗಳ ಬೇರಿಂಗ್ ರಿಪೇರಿ ಮಾಡುವ ಶೆಡ್ಡಿಗೆ ಬೀಗ ಬಿತ್ತು. ಗವಿಸಿದ್ದ ಅಲ್ಲೇ ಕೆಲಸ ಮಾಡುತ್ತಿದ್ದ. ಆಷಾಢದ ಗಾಳಿ ಬಂದಾಗ ಒಂದು ಗೋಪುರದ ಬೇರಿಂಗ್ ಕಿರುಗುಟ್ಟತೊಡಗಿತು. ನನ್ನ ಯಂತ್ರ ಮೊದಲೇ ಹೇಳಿತ್ತು, ಕೇಳಿ ಸರಿಪಡಿಸಬೇಕಾದವರು ಇರಲಿಲ್ಲ. ಬೇರಿಂಗ್ ಸುಟ್ಟು ಆಸ್ಪತ್ರೆಯ ದೀಪ ಆರಿದಾಗ, ಯಾರೂ ಕರೆಯದಿದ್ದರೂ ಗವಿಸಿದ್ದ ಬೀಗ ಒಡೆದು ಹಳೆಯ ಬೇರಿಂಗ್ ಹೊತ್ತುಕೊಂಡು ಗೋಪುರ ಹತ್ತಿದ. ಜೊತೆಗೆ ಹಿಡಿಯುವವರಿಲ್ಲದೆ ಒಬ್ಬನೇ ಕೂರಿಸಿದ. ದೀಪ ಹತ್ತಿತು. ಅವನ ಬಲಗೈಯ ಎರಡು ಬೆರಳು ಹೋದವು. ಈಗ ಎಡಗೈಯಿಂದ ರೊಟ್ಟಿ ಮುರಿಯುವುದನ್ನು ಕಲಿಯುತ್ತಿದ್ದಾನೆ. ಅದನ್ನು ನೋಡುತ್ತ ಎದುರು ಕುಳಿತು ಉಣ್ಣುವಾಗ ನನಗೆ ನಿಮ್ಮ ಮೇಲೆ ಬರುವ ಸಿಟ್ಟು ಅಷ್ಟಿಷ್ಟಲ್ಲ.

ಇಷ್ಟಾದ ಮೇಲೆ ಜನ ಪುಸ್ತಕವನ್ನು ಬೈದಿರಬೇಕು ಅಂದುಕೊಂಡಿರಾ? ಇಲ್ಲ. ನಾವೇ ಅದನ್ನು ಪೂರ್ತಿ ಪಾಲಿಸಲಿಲ್ಲ ಅನ್ನುತ್ತಾರೆ. ಅಡಿವೆಪ್ಪನವರು ಕೆಟ್ಟವರಲ್ಲ, ಆಸ್ಪತ್ರೆಯಲ್ಲಿ ಗವಿಸಿದ್ದನ ಮಂಚದ ಪಕ್ಕ ಕುಳಿತು ಅತ್ತಿದ್ದಾರೆ. ಅತ್ತು ಎದ್ದವರು ಕಂಡುಕೊಂಡದ್ದೇನೆಂದರೆ, ಹೆಜ್ಜೆಹೆಜ್ಜೆಗೂ ಕೆಮ್ಮು ಕೇಳಿ ಕೇಳಿ ನಮ್ಮ ಎದೆ ಪುಕ್ಕಲಾಗಿದೆ, ಹಿರಿಯರು ಎದುರುದನಿ ಇಲ್ಲದೆಯೇ ಅಷ್ಟೆತ್ತರಕ್ಕೆ ಬೆಳೆದರು ಎಂದು. ಸೋಮವಾರ ಸಭೆಯಿದೆ. ಒಪ್ಪಿಗೆಯಾದರೆ ಇನ್ನು ಮುಂದೆ ಎದುರುದನಿ ಇರುವುದಿಲ್ಲ, ಹಿಂದಿನ ಪುಸ್ತಕಗಳಿಂದಲೂ ಅದನ್ನು ಅಳಿಸುತ್ತಾರೆ. ಚಿಗವ್ವನ ಮೂವತ್ತು ವರ್ಷದ ದನಿ. ಅಳಿಸುವ ಯಂತ್ರ ನನ್ನ ವಶದಲ್ಲಿದೆ, ನಾನಂತೂ ಮುಟ್ಟುವುದಿಲ್ಲ. ಆದರೆ ನನ್ನನ್ನು ಎಬ್ಬಿಸಿ ಆ ಕುರ್ಚಿಯಲ್ಲಿ ಇನ್ನೊಬ್ಬರನ್ನು ಕೂರಿಸುವುದು ದೊಡ್ಡ ಮಾತಲ್ಲ.

ನನ್ನ ಹೊಟ್ಟೆ ಉರಿಸುವ ಸಂಗತಿ ಬೇರೆಯೇ ಇದೆ. ನಿಮಗೆ ಅನುಮಾನ ಬಂದಿತ್ತು. ಬಂದೇ ಇರುತ್ತದೆ. ಕಂಪ್ಯೂಟರ್ ಮುಂದೆ ದಿನವೆಲ್ಲ ತಪ್ಪು ಹುಡುಕುವ ಕೆಲಸ ಮಾಡುವವರು ನೀವು; ಬಸ್ಸಿನಲ್ಲಿ ಕುಳಿತು ಕೇಳುವಾಗ, ಇದು ಸ್ವಲ್ಪ ಅತಿಯಾಯಿತು ಎಂದು ಒಂದು ಸಲವಾದರೂ ಅನ್ನಿಸದೆ ಇರುತ್ತದೆಯೇ? ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು, ಇಳಿಯುವ ಮೊದಲು ಐದು ನಕ್ಷತ್ರ ಒತ್ತಿದಿರಿ. ನಕ್ಷತ್ರಗಳೆಲ್ಲ ಭದ್ರವಾಗಿ ನಮ್ಮ ಕೈಗೆ ಬಂದಿವೆ. ಅನುಮಾನ ಮಾತ್ರ ನಿಮ್ಮ ಜೊತೆಗೇ ಹೋಯಿತು.

ಆದ್ದರಿಂದ ಒಂದೇ ಒಂದು ಕೋರಿಕೆ. ನಿಮ್ಮ ಫೋನಿಗೆ ಕಿವಿಯೂ ಇದೆ, ಮಾತು ಹಿಡಿದಿಡುತ್ತದೆ. ಒಂದನ್ನೇ ಹಿಡಿ, ಉಳಿದದ್ದನ್ನು ಬಿಡು ಎನ್ನುವ ಆ ಪುಸ್ತಕ ನಿಮ್ಮಲ್ಲಿ ಯಾರ ಬಳಿಯಾದರೂ ಇದ್ದೇ ಇರುತ್ತದೆ. ಅದನ್ನು ಗಟ್ಟಿಯಾಗಿ ಹಾಕಿ, ಅನುಮಾನ ಬಂದ ಜಾಗದಲ್ಲಿ ಬಾಯಿ ಬಿಟ್ಟು ಕೇಳಿ, ಎರಡನ್ನೂ ಕೂಡಿಸಿ ಫೋನಿನಲ್ಲಿ ಮುದ್ರಿಸಿ ಇಟ್ಟುಬಿಡಿ. ನಿಮ್ಮ ಫೋನುಗಳು ನಮಗೆ ಸಿಗುತ್ತವೆ, ಗೋಣಿಚೀಲಗಟ್ಟಲೆ ಬಂದು ಬೀಳುತ್ತಿವೆ. ಸಿಕ್ಕ ದನಿಯನ್ನು ನಾನು ಸಭೆಯಲ್ಲಿ ಹಾಕುತ್ತೇನೆ. ನಿಮಗೆ ಇನ್ನೂರು ವರ್ಷ ಸಮಯವಿದೆ. ನನಗೆ ಸೋಮವಾರದವರೆಗೆ.

ಜಾಣ ಪ್ರಶ್ನೆಯೇ ಆಗಬೇಕೆಂದಿಲ್ಲ. ಜನರ ನಡುವೆ ಇದ್ದೀರಿ, ಮಾತಾಡಲು ನಾಚಿಕೆ ಎನ್ನುವುದಾದರೆ, ಫೋನನ್ನು ಬಾಯಿಯ ಹತ್ತಿರ ಹಿಡಿದು ಒಮ್ಮೆ ಕೆಮ್ಮಿರಿ. ನಮ್ಮ ಜನಕ್ಕೆ ಅಷ್ಟು ಸಾಕು. ಚಿಗವ್ವ ಮುಂದಿನ ಸಾಲಿನಲ್ಲೇ ಕೂತಿರುತ್ತಾಳೆ. ಅಲ್ಲಿ ಯಾರೋ ಇದ್ದರು ಎಂದು ಆಕೆಗೆ ಗೊತ್ತಾಗಲಿ.

ಇರಾವತಿ