ಪೂರಾ ಹಸಿರು

೧೫ ಡಿಸೆಂಬರ್ ೨೦೦೩, ಸೋಮವಾರ

ಉಣಕಲ್ ದಾಟುವಾಗ ಬಸ್ಸು ಮತ್ತೆ ಕೆಟ್ಟಿತು. ಧಾರವಾಡದ ಲ್ಯಾಬ್ ಮುಟ್ಟಿದಾಗ ಹತ್ತೂವರೆ. ಜೀವಕೋಶಗಳು ಹಸಿದು ಕೂತಿದ್ದವು, ಪಾಪ. ಅವಕ್ಕೇನು ಗೊತ್ತು ಬಸ್ಸಿನ ಹಣೆಬರಹ.

ಇವತ್ತು ಎರಡು ಫ್ಲಾಸ್ಕ್ ಮಾಡಿದೆ. ಎರಡರಲ್ಲೂ ಅದೇ ಮನುಷ್ಯರ ಜೀವಕೋಶ, ಒಳಗೆ ನನ್ನ ಪ್ಲಾಸ್ಮಿಡ್ — ಬಳೆಯ ಹಾಗೆ ದುಂಡಗಿನ ಡಿಎನ್ಎ. ಬಳೆ ಇರುವ ಕೋಶ ಮೈಕ್ರೋಸ್ಕೋಪಿನಲ್ಲಿ ಹಸಿರಾಗಿ ಹೊಳೆಯುತ್ತದೆ, ಔಷಧ ಹಾಕಿದರೂ ಬದುಕುತ್ತದೆ. ಬಳೆ ಕಳೆದುಕೊಂಡದ್ದು ಕಪ್ಪು. ಔಷಧ ತಾಗಿದರೆ ಸತ್ತಿತು. ಮೊದಲ ಫ್ಲಾಸ್ಕಿಗೆ ಕೋಶಗಳ ಊಟವಾದ ಮೀಡಿಯಂ, ಔಷಧ ಬೆರೆಸಿದ್ದು; ಎರಡನೆಯದಕ್ಕೆ ಬರೀ ಮೀಡಿಯಂ. ಔಷಧದ ಹೆದರಿಕೆ ಇಲ್ಲದಾಗಲೂ, ಕೋಶ ಒಡೆದು ಎರಡಾದಂತೆಲ್ಲ ಬಳೆಯೂ ತಾನೇ ಎರಡಾಗಿ ಉಳಿಯುತ್ತದೆಯೇ? ನನ್ನ ಪಿಎಚ್‌ಡಿ ನಿಂತಿರುವುದು ಇದೊಂದರ ಮೇಲೆ. ಮಾರ್ಚಿಗೆ ಫೆಲೋಶಿಪ್ ಮುಗಿಯುತ್ತದೆ. ಜನವರಿ ಕೊನೆಗೆ ಒಳ್ಳೆಯ ವರದಿ ಹೋದರೆ ಇನ್ನೊಂದು ವರ್ಷ ಸಿಗುತ್ತದೆ. ಇಲ್ಲದಿದ್ದರೆ ಅವ್ವನ ಶಾಲೆಯಲ್ಲಿ ಮಕ್ಕಳಿಗೆ ಮಗ್ಗಿ ಹೇಳಿಸುವುದು.

೨೦ ಡಿಸೆಂಬರ್

ನಾಳೆ ಸುಳ್ಳ ಊರಿಗೆ, ಅಜ್ಜಿಯ ಮನೆಗೆ. ಎಳ್ಳಮಾಸಿ ತಪ್ಪಿಸುವ ಮಾತೇ ಇಲ್ಲ. ಊರಿಗೆ ಹೋದವರ ಕೋಶಗಳಿಗೆ ಉಳಿದವರು ಉಣಿಸಬೇಕು, ಇದು ನಮ್ಮ ಲ್ಯಾಬಿನ ರೂಢಿ. ಈ ಸಲ ಶಶಿಕಾಂತನ ಪಾಳಿ. ಅವನದು ಬ್ಯಾಕ್ಟೀರಿಯಾ ಕೆಲಸ, ಮನುಷ್ಯರ ಕೋಶ ಹೊಸದು. ಫ್ರಿಜ್‌ನಲ್ಲಿ ಎರಡು ಬಾಟಲಿ ಇಟ್ಟು ತೋರಿಸಿದೆ — ಇದು ಇದಕ್ಕೆ, ಅದು ಅದಕ್ಕೆ.

"ನೀ ಆರಾಮ ಹೋಗಿ ಬಾ ವಿದ್ಯಾ. ಸ್ವಂತ ಮಕ್ಕಳಗತೆ ನೋಡಕೋತೇನಿ," ಅಂದ.

ನಾಲ್ಕೈದು ದಿನದ ಮಾತು.

೨೩ ಡಿಸೆಂಬರ್, ಸುಳ್ಳ

ಹೊಲದಲ್ಲಿ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ ಊಟಕ್ಕೆ ಕೂತೆವು. ಸಜ್ಜಿ ಕಡಬು, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹಿಂಡಿ... ಅಜ್ಜಿ ಶೇವಂತೆವ್ವ ಬಡಿಸುತ್ತಲೇ ಹೋದಳು. ನಾನೂ ಬೇಡ ಎನ್ನಲಿಲ್ಲ.

೨೬ ಡಿಸೆಂಬರ್

ಬೇಡ ಎನ್ನಬೇಕಿತ್ತು. ಹೊಟ್ಟೆ ಕೆಟ್ಟಿದೆ. ಜ್ವರ ಬೇರೆ.

೫ ಜನವರಿ ೨೦೦೪

ಗಂಜಿಯ ಸಹವಾಸ ಮುಗಿಯಿತು. ಇಂದು ಲ್ಯಾಬಿಗೆ. ಚಪ್ಪಲಿ ಬಿಟ್ಟವಳೇ ಎರಡನೆಯ ಫ್ಲಾಸ್ಕ್ ಮೈಕ್ರೋಸ್ಕೋಪಿನ ಕೆಳಗಿಟ್ಟೆ.

ಪೂರಾ ಹಸಿರು! ಒಂದೂ ಕಪ್ಪಿಲ್ಲ. ಔಷಧವಿಲ್ಲದೆ ಮೂರು ವಾರ! ಕುಣಿಯುವುದೊಂದೇ ಬಾಕಿ. ಶಶಿಕಾಂತನಿಗೆ ಗಿರ್ಮಿಟ್, ಮಿರ್ಚಿ ಭಜಿ ಕೊಡಿಸಿದೆ. ನಾಚಿಕೊಂಡು ತಿಂದ. ಎರಡು ಪ್ಲೇಟು.

೬ ಜನವರಿ

ಅಂಬರೀಷ ಸರ್ ನನ್ನ ಗೈಡ್. ಖುಷಿಪಡುತ್ತಾರೆಂದು ಕರೆದು ತೋರಿಸಿದೆ. ಬಹಳ ಹೊತ್ತು ನೋಡಿದರು.

"ಒಂದೂ ಕಪ್ಪಿಲ್ಲೇನು?"

"ಒಂದೂ ಇಲ್ರಿ ಸರ್!"

"ಅದs ತ್ರಾಸಿನ ಮಾತು. ಬಳಿ ತನ್ನಷ್ಟಕ್ಕ ಬ್ಯಾರೆ ಇದ್ರ, ಕೋಶ ಒಡೆಯೂವಾಗ ಆಗೊಂದಕ್ಕ ಈಗೊಂದಕ್ಕ ಪಾಲು ತಪ್ಪಬೇಕು. ಒಂದೂ ತಪ್ಪಿಲ್ಲಂದ್ರ, ಬಳಿ ಮುರದು ಕೋಶದ ಕ್ರೋಮೋಸೋಮಿನಾಗ ಸೇರಕೊಂಡೈತಿ. ಬಾಡಿಗಿಗೆ ಬಂದಾಂವ ಮನಿ ಕಾಗದದಾಗ, ಉತಾರದಾಗ ಹೆಸರು ಹಚ್ಚಿಸಿಕೊಂಡಂಗ."

ಅಂದರೆ ಅದು ತಾನಾಗಿ ಎರಡಾಗಲೇ ಇಲ್ಲ. ಕ್ರೋಮೋಸೋಮಿನ ಜೊತೆ ಪುಕ್ಕಟೆ ಪ್ರಯಾಣ. ಪೂರಾ ಹಸಿರು ಎಂದರೆ ಪೂರಾ ಸೋಲು... ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಗೋಪನಕೊಪ್ಪದ ತನಕ ಅತ್ತೆ.

೯ ಜನವರಿ

ಲ್ಯಾಬಿಗೆ ಹೋಗಿಲ್ಲ. "ನಮ್ಮ ಸಾಲ್ಯಾಗ ಒಂದು ಜಾಗಾ ಖಾಲಿ ಐತಿ ನೋಡವಾ," ಅಂದಳು ಅವ್ವ. ಸಮಾಧಾನಕ್ಕೆಂದೇ ಅಂದದ್ದು. ಸಿಟ್ಟು ಬಂತು.

೧೨ ಜನವರಿ, ರಾತ್ರಿ

ಕ್ಯಾಂಟೀನಿನಲ್ಲಿ ಶಶಿಕಾಂತ ಎದುರು ಕೂತು ನಿಟ್ಟುಸಿರು ಬಿಟ್ಟ.

"ಅಷ್ಟ ಕಾಳಜೀಲೆ ಸಾಕಿದ್ದೆ. ಹಂಗ್ಯಾಕ ಆತೋ."

"ನಿಂದೇನ ತಪ್ಪೋ, ಬಿಡು."

"ನೀ ಬರೂದು ತಡಾ ಆತು, ಬಾಟ್ಲಿ ಮುಗದವು. ಹೊಸಾ ಮೀಡಿಯಂ ಮಾಡಿದೆ. ಔಷಧ ಸೈತ ನನ್ನ ಪಾಲಿಂದ ಹಾಕೀನಿ."

ಚಹಾದ ಲೋಟ ಕೆಳಗಿಟ್ಟೆ. "ಯಾವ ಫ್ಲಾಸ್ಕಿಗೆ?"

"ಎರಡಕ್ಕೂ! ನಿನ್ನ ಔಷಧ ತೀರೇತಿ, ಅದಕ್ಕs ಒಂದಕ್ಕ ಹಾಕಿಲ್ಲ ಅಂತ ತಿಳದೆ. ಒಂದs ಪಂಕ್ತ್ಯಾಗ ಕುಂತಾವು. ಒಂದಕ್ಕ ತುಪ್ಪ ಹಾಕಿ ಇನ್ನೊಂದಕ್ಕ ಬಿಡೂದು ಛಲೋ ಅನಸಲಿಲ್ಲ."

"ನನಗ ಹೇಳಬಾರದಾಗಿತ್ತೇನೋ?"

"ಕೊಟ್ಟಿದ್ದನ್ನ ಯಾರರ ಹೇಳಿ ತೋರಸ್ತಾರೇನು?"

ಪಂಕ್ತಿಭೇದ ಆಗಬಾರದಂತೆ! ಜೀವಕೋಶಗಳಿಗೆ! ಕಪ್ಪಾದವೆಲ್ಲ ಇವನ ಔಷಧಕ್ಕೆ ಸತ್ತು ತೊಳೆದು ಹೋಗಿವೆ, ಉಳಿದದ್ದು ಹಸಿರು ಮಾತ್ರ. ನನ್ನ ಬಳೆ ಮುರಿಯದೆಯೂ ಇರಬಹುದು! ಬಯ್ಯಬೇಕೋ ಕೈ ಮುಗಿಯಬೇಕೋ ತಿಳಿಯಲಿಲ್ಲ. ಅವನ ತಟ್ಟೆಯ ಭಜಿಯನ್ನೂ ನಾನೇ ತಿಂದೆ.

ಸುದ್ದಿ ಕೇಳಿದ ಸರ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. "ಲಗೂನ ಮತ್ತ ಹಚ್ಚು. ವರದಿಗೆ ಇನ್ನೂ ದಿನಾ ಅದಾವು." ಸಂಜೆಯೇ ಬರೀ ಮೀಡಿಯಂ ಹಾಕಿ ಹೊಸ ಫ್ಲಾಸ್ಕ್ ಹಚ್ಚಿದೆ.

೧೯ ಜನವರಿ

ಹಸಿರು. ಎಲ್ಲ ಹಸಿರು. ಬೆಳೆಸಿದ್ದು ಸ್ವಲ್ಪ ಹಾಳಾಗಲಿ ದೇವರೇ ಎಂದು ಬೇಡಿಕೊಳ್ಳುವವಳು ನಾನೊಬ್ಬಳೇ ಇರಬೇಕು. ಪೂರ್ತಿ ಹಾಳಾದರೂ ಕಷ್ಟ — ಬಳೆ ಎರಡಾಗಲೇ ಇಲ್ಲವೆಂದಾಗುತ್ತದೆ. ಹೋಗಬೇಕು, ಆದರೆ ನಿಧಾನವಾಗಿ ಹೋಗಬೇಕು.

೨೪ ಜನವರಿ

ಕಪ್ಪು! ಮೂಲೆಯಲ್ಲೊಂದು. ನಡುವೆ ಎರಡು, ಒಂದಕ್ಕೊಂದು ಅಂಟಿಕೊಂಡು. ಸುತ್ತಲೂ ಹಸಿರು ಹಿಂಡು. ಮನೆಗೆ ಫೋನ್ ಮಾಡಿ ಕಿರುಚಿದೆ — "ಅವ್ವಾ, ಕಳಕೊಳ್ಳಾಕತ್ತಾವು!"

"ಅಯ್ಯ ನನ ಮಗಳs, ಏನ ಕಳಕೊಂಡಿ?" ಅವಳಿಗೆ ಬಿಡಿಸಿ ಹೇಳುವಷ್ಟರಲ್ಲಿ ಸಾಕಾಯಿತು.

ಸರ್ ಮಾತ್ರ ಇನ್ನೂ ಬಿಡಲೊಲ್ಲರು. "ಛಲೋ ಆತು. ಆದ್ರ ಖಾತ್ರಿ ಬೇಕು. ಬಳಿ ಹೊರಗ ತಗದು ಬ್ಯಾಕ್ಟೀರಿಯಾದಾಗ ಹಾಕು. ಇಡಿಯಾಗಿ ಉಳದಿದ್ರ ಔಷಧ ಹಾಕಿದ ಪ್ಲೇಟಿನ ಮ್ಯಾಲೆ ಬೆಳೀತಾವು. ಮುರದಿದ್ರ ಏನೂ ಬೆಳಿಯೂದಿಲ್ಲ."

ಬ್ಯಾಕ್ಟೀರಿಯಾ ಎಂದರೆ ಶಶಿಕಾಂತ. ಅವನು ನೆಲ ನೋಡುತ್ತ ನಿಂತಿದ್ದ. ನನಗೂ ಒಂದು ಗಳಿಗೆ ಹೆದರಿಕೆಯಾಯಿತು, ಸುಳ್ಳೇಕೆ. ಆಮೇಲೆ "ನೀನs ಮಾಡೋ," ಅಂದೆ. ಅವನ ಮುಖ ನೋಡಬೇಕಿತ್ತು.

೨೯ ಜನವರಿ, ಬೆಳಿಗ್ಗೆ ಒಂಬತ್ತು

ನಾಳೆ ವರದಿ ಹೋಗಬೇಕು. ಬಾಗಿಲಲ್ಲೇ ಶಶಿಕಾಂತ, ಎರಡೂ ಕೈ ಹಿಂದೆ. ಮುಖ ಗಂಭೀರ.

"ಬೆಳದಾವೇನೋ?"

ಮೊದಲು ಎಡಗೈ ಚಾಚಿದ. ಡಿಎನ್ಎ ಹಾಕದ ಪ್ಲೇಟು. ಖಾಲಿ. ಹಾಗೇ ಇರಬೇಕು. ಆಮೇಲೆ ಬಲಗೈ.

ಸಾಬೂದಾಣಿ ಚೆಲ್ಲಿದ ಹಾಗೆ ಬಿಳಿ ಚುಕ್ಕೆಗಳು! ನನ್ನ ಬಳೆ. ಮನುಷ್ಯರ ಕೋಶದಲ್ಲಿ ಇಷ್ಟು ದಿನ ಇದ್ದು, ಎಷ್ಟೋ ಸಲ ಎರಡಾಗಿ, ಮುರಿಯದೆ ಮರಳಿ ಬಂದಿದೆ. ಅವನೆದುರಿಗೇ ಅತ್ತುಬಿಟ್ಟೆ. ಅವನೂ ಕಣ್ಣು ಬೇರೆ ಕಡೆ ಹೊರಳಿಸಿದ.

ಸರ್ ಪ್ಲೇಟನ್ನು ಕಿಟಕಿಗೆ ಹಿಡಿದು ನೋಡಿ, "ಬರೀರಿ ಇನ್ನ ವರದಿ," ಅಂದು ಹೋದರು. ನನಗೆ ಮೊದಲ ಸಲ 'ಬರೀರಿ'!

ಶಶಿಕಾಂತ ಚುಕ್ಕೆ ಎಣಿಸುತ್ತಿದ್ದಾನೆ, ಇಡೀ ಲ್ಯಾಬಿಗೆ ಕೇಳುವಂತೆ. ಹದಿನಾರು... ಹದಿನೇಳು... ಅಯ್ಯೋ, ಅದನ್ನು ಆಗಲೇ ಎಣಿಸಿದ. ಖುಷಿಗೆ ಒಂದಕ್ಕೆರಡು ಮಾಡುತ್ತಿದ್ದಾನೆ. ಏ ತಡಿಯೋ, ನಾ ಬಂದೆ —