ಅರ್ಧ ಡೋಸು

ಜನವರಿ 9

ಇವತ್ತೂ ನಾಲ್ಕು ಪ್ಯಾಂಟು, ಎರಡು ಕೋಟು, ಒಂದು ಗೌನು. ಎಲ್ಲವೂ ಸೊಂಟ ಹಿಡಿದು ಚಿಕ್ಕದು ಮಾಡುವುದಕ್ಕೆ. ಬಿಡಿಸುವುದಕ್ಕೆ ಬಂದದ್ದು ಒಂದೂ ಇಲ್ಲ. ಇಪ್ಪತ್ತಾರು ವರ್ಷದಿಂದ ಈ ಅಂಗಡಿಯಲ್ಲಿ ಕತ್ತರಿ ಹಿಡಿದಿದ್ದೇನೆ, ಊರಿಗೆ ಊರೇ ಹೀಗೆ ಸಣ್ಣಗಾದದ್ದು ಕಂಡಿಲ್ಲ. ಟೇಪು ಸುತ್ತಿದ ಕೂಡಲೇ ಗೊತ್ತಾಗುತ್ತದೆ — ಇವರು ತೂಕ ಇಳಿಸುವ ಇಂಜೆಕ್ಷನ್ನಿನವರು.

ನೀಲಿ ಕೋಟಿನ ಮೇಡಂ ಮೂರನೇ ಸಲ ಬಂದರು. ಅದೇ ಕೋಟು. ಇನ್ನೂ ಹಿಡಿದರೆ ಎರಡು ಜೇಬೂ ಬೆನ್ನಿಗೆ ಹೋಗುತ್ತವೆ ಎಂದೆ. ನಕ್ಕರು.

"ಆ ಇಂಜೆಕ್ಷನ್ನು ಇನ್ಶೂರೆನ್ಸಲ್ಲಿ ಸಿಗುತ್ತಾ ಮೇಡಂ?"

"ಅದನ್ನೆಲ್ಲ ಯಾರು ಕೇಳ್ತಾ ಕೂತ್ಕೋತಾರೆ. ವರ್ಷಕ್ಕೊಂದು ಟೂರ್ ಬಿಟ್ರೆ ಆಯ್ತು."

ಅಂಚು ಗುರುತು ಹಾಕಲು ಬಗ್ಗಿ ಕೂತೆ. ಬಲಗಡೆ ಮಂಡಿ ಕಟಕ್ ಅಂತು. ಏಳಲಾಗಲಿಲ್ಲ. ಅವರೇ ಕೈ ಕೊಟ್ಟು ಎಬ್ಬಿಸಿದರು. ಬಾಯಲ್ಲಿ ಗುಂಡುಸೂಜಿ ಇದ್ದದ್ದು ಒಳ್ಳೆಯದೇ ಆಯಿತು, ಏನೂ ಹೇಳಬೇಕಾಗಲಿಲ್ಲ.

ಯಜಮಾನಿ ಕೌಂಟರಿನಿಂದ ನೋಡುತ್ತಿದ್ದರು.

ಜನವರಿ 15

ಮೂಳೆ ಡಾಕ್ಟರು. ಎಕ್ಸ್‌ರೇ ಬೆಳಕಿಗೆ ಹಿಡಿದು, "ಬಲಗಡೆದು ಪೂರ್ತಿ ಸವೆದುಹೋಗಿದೆ, ಬದಲಾಯಿಸಲೇಬೇಕು. ಆದ್ರೆ ಈ ತೂಕಕ್ಕೆ ನಾನು ಕೈ ಹಾಕಲ್ಲ. ಹತ್ತೊಂಬತ್ತು ಕೇಜಿ ಇಳಿಸ್ಕೊಂಡು ಬನ್ನಿ. ದಿನಾ ನಡೀರಿ," ಅಂದರು.

"ನಡೆಯೋಕೆ ಆಗಿದ್ರೆ ನಿಮ್ಮ ಹತ್ರ ಯಾಕೆ ಬರ್ತಿದ್ದೆ ಡಾಕ್ಟ್ರೇ."

ಚೀಟಿ ಎಳೆದುಕೊಂಡರು. ಅದೇ ಇಂಜೆಕ್ಷನ್ ಬರೆದುಕೊಟ್ಟರು. ಔಷಧಿ ಅಂಗಡಿಯ ಹುಡುಗಿ ಚೀಟಿ ನೋಡಿ, ನನ್ನನ್ನು ನೋಡಿ, ದನಿ ತಗ್ಗಿಸಿ ಬೆಲೆ ಹೇಳಿದಳು. ತಿಂಗಳ ಔಷಧಿ ನನ್ನ ತಿಂಗಳ ಸಂಬಳಕ್ಕಿಂತ ಜಾಸ್ತಿ. ಚೀಟಿ ವಾಪಸ್ ಮಡಚಿ ಕೊಟ್ಟಳು, ತಾನೇ ತಪ್ಪು ಮಾಡಿದವಳ ಹಾಗೆ.

ಯಜಮಾನಿಗೆ ಹೇಳಿದೆ. ಕೆಟ್ಟವರಲ್ಲ. "ವರ್ಷದ ಕೊನೆವರೆಗೂ ನೋಡೋಣ. ಕತ್ತರಿಸೋ ಟೇಬಲ್ಲಿಗೆ ನಿಂತ್ಕೊಳ್ಳೋರೇ ಬೇಕಲ್ವಾ," ಅಂದರು. ನಿಲ್ಲಲಾಗದಿದ್ದರೆ ಕೆಲಸ ಇಲ್ಲ. ಕೆಲಸ ಹೋದರೆ ಇನ್ಶೂರೆನ್ಸ್ ಹೋಯಿತು. ಇನ್ಶೂರೆನ್ಸ್ ಹೋದರೆ ಮಂಡಿ ಈ ಜನ್ಮದಲ್ಲಿ ಬದಲಾಗುವುದಿಲ್ಲ.

ಜನವರಿ 22

ಇನ್ಶೂರೆನ್ಸಿಗೆ ಫೋನು. ನಲವತ್ತು ನಿಮಿಷ ಸಂಗೀತ ಕೇಳಿಸಿದರು.

"ತೂಕ ಇಳಿಸೋ ಔಷಧಿ ನಿಮ್ಮ ಪಾಲಿಸಿಲಿ ಬರಲ್ಲ ಮೇಡಂ. ಸಕ್ಕರೆ ಕಾಯಿಲೆ ಇದೆಯಾ?"

"ಇಲ್ಲ."

"ಹಾಗಾದ್ರೆ ಆಗಲ್ಲ."

"ಮುಂದೆ ಬಂದ್ರೆ?"

"ಬಂದ್ರೆ ಕೊಡ್ತೀವಿ ಮೇಡಂ."

ಆಪರೇಷನ್ನಿಗಾದರೆ ಪೂರ್ತಿ ಕೊಡುತ್ತಾರಂತೆ. ಆಪರೇಷನ್ ಕೋಣೆಯ ಬಾಗಿಲವರೆಗೆ ಹೋಗುವುದು ಮಾತ್ರ ನನ್ನ ಪಾಡು. ಇನ್ನೇನಾದರೂ ಸಹಾಯ ಬೇಕೇ ಎಂದು ಫೋನಿನ ಹುಡುಗಿ ಕೇಳಿದಳು. ಮೊದಲು ಯಾವುದನ್ನು ಮಾಡಿದ್ದಳೋ.

ಜನವರಿ 23

ತಂಗಿಗೆ ಎಲ್ಲ ಹೇಳಿದೆ. ಅವಳಿಗೆ ಹನ್ನೆರಡು ವರ್ಷದಿಂದ ಸಕ್ಕರೆ. ಇಬ್ಬರದ್ದೂ ಒಂದೇ ಮನೆ, ಒಂದೇ ಅಂಗಡಿ — ನಾನು ಕತ್ತರಿಸುವುದು, ಅವಳು ಕೈಹೊಲಿಗೆ, ಗುಂಡಿ, ಕಾಜಾ. ಇನ್ಶೂರೆನ್ಸೂ ಅಂಗಡಿಯದ್ದೇ. ಅವಳಿಗೆ ಕಳೆದ ತಿಂಗಳಿಂದ ಇದೇ ಇಂಜೆಕ್ಷನ್ನು ಬಿಟ್ಟಿ ಬರುತ್ತಿದೆ. ಫ್ರಿಜ್ಜಿನಲ್ಲಿ ಮೊಟ್ಟೆಯ ಪಕ್ಕದಲ್ಲೇ ಇದೆ. ನಾನು ಅದನ್ನು ನೋಡುವುದಿಲ್ಲ ಎಂದು ಒಂದು ವಾರದಿಂದ ನೋಡುತ್ತಲೇ ಇದ್ದೆ.

"ಅರ್ಧ ಅರ್ಧ ಮಾಡ್ಕೊಳ್ಳೋಣ ಅಕ್ಕ," ಅಂದಳು. ಉಪ್ಪು ಕೊಡು ಅಂದಷ್ಟು ಸಲೀಸಾಗಿ.

"ನಿನಗೆ ಕಡಿಮೆ ಆಗಲ್ವೇನೇ?"

"ಡಾಕ್ಟ್ರು ಸರಿಯಾಗಿ ಅಳೆದು ಬರೀತಾರೆ ಅಂದ್ಕೊಂಡಿದ್ಯಾ? ನಾವು ಹೊಲಿಗೆ ಒಳಗೆ ಎರಡು ಬೆರಳು ಬಟ್ಟೆ ಬಿಡಲ್ವಾ? ಹಾಗೇ ಅವರೂ ಒಂಚೂರು ಜಾಸ್ತೀನೇ ಬರ್ದಿರ್ತಾರೆ. ಆ ಒಳಗಿನ ಬಟ್ಟೇನ ನೀನು ತಗೋ."

ಎಷ್ಟು ಸರಿಯಾಗಿ ಕೇಳಿಸಿತು. ಯಾವ ದರ್ಜಿ ಅಂಚಿಗೆ ಅಂಚು ಕತ್ತರಿಸುತ್ತಾನೆ? ಒಪ್ಪಿಕೊಂಡೆ.

ಜನವರಿ 28, ಭಾನುವಾರ, ಬೆಳಿಗ್ಗೆ 10

ಪೆನ್ನಿನಂಥದ್ದು. ತುದಿ ತಿರುಗಿಸಿದರೆ ಟಕ್ ಟಕ್ ಅನ್ನುತ್ತದೆ. ಪೂರ್ತಿ ಡೋಸಿಗೆ ಎಷ್ಟು ಎಂದು ಎಣಿಸಿ, ಅದರ ಅರ್ಧ ಅವಳಿಗೆ, ಅರ್ಧ ನನಗೆ. ಅವಳು ಎಣಿಸಿದಳು, ನಾನು ಇನ್ನೊಮ್ಮೆ ಎಣಿಸಿದೆ. ಹೊಸ ಸೂಜಿ ಹಾಕಿಕೊಟ್ಟಳು. 'ಒಬ್ಬರದ್ದು ಇನ್ನೊಬ್ಬರು ಬಳಸಬಾರದು' ಎಂದು ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿತ್ತು. ಡಬ್ಬಿ ಕಸಕ್ಕೆ ಹಾಕಿದೆ.

ನೋವೇ ಇಲ್ಲ. ಬೆರಳಿಗೆ ಗುಂಡುಸೂಜಿ ಚುಚ್ಚಿದಷ್ಟೂ ಇಲ್ಲ.

ಫೆಬ್ರವರಿ 25

ಮೂರು ಕೇಜಿ ಇಳಿದಿದ್ದೇನೆ. ವಾಂತಿ ಎರಡು ಸಲ. ಹಸಿವು ಎಲ್ಲಿ ಹೋಯಿತೋ. ಐವತ್ಮೂರು ವರ್ಷ ಎಲ್ಲರೂ 'ಬಾಯಿ ಕಟ್ಟು' ಎಂದೇ ಬುದ್ಧಿ ಹೇಳಿದರು. ಈಗ ಬಾಯಿ ತಾನಾಗಿ ಕಟ್ಟಿಕೊಂಡಿದೆ, ನಾನೇನೂ ಮಾಡಿಲ್ಲ. ಹಾಗಾದರೆ ಇಷ್ಟು ವರ್ಷ ನನ್ನನ್ನು ಬೈದದ್ದು ಯಾವ ಲೆಕ್ಕಕ್ಕೆ? ನೆನೆಸಿಕೊಂಡರೆ ಮೈ ಉರಿಯುತ್ತದೆ.

ಮೇ 12

ಒಂಬತ್ತೂವರೆ ಕೇಜಿ. ಇವತ್ತು ನನ್ನದೇ ಸ್ಕರ್ಟಿನ ಸೊಂಟ ಹಿಡಿದುಕೊಂಡೆ. ಊರಿಗೆಲ್ಲ ಹಿಡಿದುಕೊಟ್ಟದ್ದಾಯಿತು, ಇದು ನನ್ನದು. ಕತ್ತರಿಸಿದ ಚೂರನ್ನು ಬಿಸಾಡಲು ಮನಸ್ಸೇ ಬರಲಿಲ್ಲ. ಖುಷಿಯಾಯಿತು, ಸುಳ್ಳು ಯಾಕೆ.

ತಂಗಿ ಸಕ್ಕರೆ ಡಾಕ್ಟರ ಹತ್ತಿರ ಹೋಗಿ ಬಂದಳು. ಸಕ್ಕರೆ ಏರಿದೆ. ಇಳಿಯಬೇಕಾದ ಔಷಧಿಯಲ್ಲಿ ಏರಿದೆ. ಡಾಕ್ಟರಮ್ಮ ಚೆನ್ನಾಗಿ ಉಗಿದರಂತೆ, ಏನೇನು ತಿಂತೀರಾ ನಿಜ ಹೇಳಿ ಎಂದು.

"ನೀನೇನು ಹೇಳ್ದೆ?"

"ಮದುವೆ ಊಟ ಜಾಸ್ತಿ ಆಯ್ತು ಅಂದೆ."

"ಯಾರ ಮದುವೆ?"

"ನಿನ್ದೇ ಅಕ್ಕ. ಸಣ್ಣಗಾದ ಮೇಲೆ ಯಾರಾದ್ರೂ ಸಿಗ್ತಾರೆ."

ಇಬ್ಬರೂ ನಕ್ಕೆವು. ಆಮೇಲೆ, "ಸಾಕು ಬಿಡೇ, ಇನ್ನು ನೀನೊಬ್ಬಳೇ ಪೂರ್ತಿ ತಗೋ," ಅಂದೆ. "ಅರ್ಧ ದಾರಿಲಿ ಬಿಡ್ತಾರಾ," ಅಂದಳು. ಒಂದು ಸಲ ಹೇಳಿದೆ. ಎರಡನೇ ಸಲ ಹೇಳಲಿಲ್ಲ. ಇಲ್ಲಿ ನಾನು ಬರೆದಿಡಬೇಕಾದ್ದು ಅದು.

ಜುಲೈ 30

ಹದಿನಾಲ್ಕು. ತಂಗಿ ಸೂಜಿಗೆ ದಾರ ಪೋಣಿಸಲು ನನ್ನ ಹತ್ತಿರ ತಂದಳು. ಕಣ್ಣು ಮಂಜಂತೆ. "ಅಜ್ಜಿ ಆದೆ ಕಣೇ, ಕನ್ನಡಕ ಬದಲಾಯಿಸು," ಎಂದು ರೇಗಿಸಿದೆ. ಇಡೀ ಅಂಗಡಿ ನಕ್ಕಿತು. ಅವಳೂ ನಕ್ಕಳು.

ಸೆಪ್ಟೆಂಬರ್ 3

ತಂಗಿಯ ಹೆಸರಿಗೆ ಇನ್ಶೂರೆನ್ಸಿನಿಂದ ಕಾಗದ. ಮೂರು ಸಲ ಓದಿದೆ. 'ಸದರಿ ಔಷಧಿಯಿಂದ ಸದಸ್ಯರ ಸಕ್ಕರೆ ಪ್ರಮಾಣದಲ್ಲಿ ಯಾವುದೇ ಸುಧಾರಣೆ ಕಂಡುಬಂದಿಲ್ಲವಾದ್ದರಿಂದ ಮುಂದಿನ ತಿಂಗಳಿನಿಂದ ಇದಕ್ಕೆ ಹಣ ಪಾವತಿಸಲಾಗುವುದಿಲ್ಲ.'

ಔಷಧಿ ಕೆಲಸ ಮಾಡಿಲ್ಲವಂತೆ. ಅವಳ ಪಾಲಿನ ಕೆಲಸವನ್ನೆಲ್ಲ ನನ್ನ ಮೈಯಲ್ಲಿ ಮಾಡಿದೆ. ಹೇಳುವುದು ಯಾರಿಗೆ?

ಕಾಗದದ ಹಿಂದೆ ಸಣ್ಣ ಅಕ್ಷರದಲ್ಲಿ ನಿಯಮಗಳು. ಹದಿನೇಳನೆಯದು — ಒಬ್ಬ ಸದಸ್ಯರ ಔಷಧಿಯನ್ನು ಇನ್ನೊಬ್ಬರು ಬಳಸಿದರೆ, ಬಳಸಿದವರ ಪಾಲಿಸಿ ರದ್ದು, ಅವರಿಗಾಗಿ ಖರ್ಚು ಮಾಡಿದ್ದೆಲ್ಲ ವಸೂಲಿ. ಕೊಟ್ಟವರಿಗೆ ಮೊದಲ ಸಲಕ್ಕೆ ಎಚ್ಚರಿಕೆ ಮಾತ್ರ.

ತಂಗಿಗೆ ಅದನ್ನೂ ಓದಿ ಹೇಳಿದೆ. "ಹಾಗಾದ್ರೆ ಬಾಯಿ ಮುಚ್ಕೊಂಡಿರು," ಅಂದಳು. ಅವಳನ್ನು ಹಳೇ ಮಾತ್ರೆಗೆ ವಾಪಸ್ ಹಾಕಿದ್ದಾರೆ. ಫ್ರಿಜ್ಜಿನಲ್ಲಿ ಕೊನೇ ಪೆನ್ನು ಇದೆ, ನಾಲ್ಕು ವಾರದ್ದು.

"ಪೂರ್ತಿ ನೀನೇ ತಗೋ ಅಕ್ಕ. ನಿಂಗೆ ಮೂರು ಕೇಜಿ ತಾನೇ ಉಳಿದಿರೋದು. ನಂಗೆ ಒಂದು ತಿಂಗಳಲ್ಲಿ ಏನು ಕಿಸಿಯೋದಿದೆ."

ತೆಗೆದುಕೊಂಡೆ.

ಅಕ್ಟೋಬರ್ 7

ಹತ್ತೊಂಬತ್ತು ಕೇಜಿ, ಇನ್ನೂರು ಗ್ರಾಂ. ಮೂಳೆ ಡಾಕ್ಟರು ಎದ್ದು ನಿಂತು ಕೈ ಕುಲುಕಿದರು. "ನೋಡಿ, ಮನಸ್ಸು ಮಾಡಿದ್ರೆ ಎಲ್ಲಾ ಆಗುತ್ತೆ," ಅಂದರು. ನಾನು ಅರ್ಧ ಖುಷಿಯಲ್ಲಿ, ಅರ್ಧ ಸಿಟ್ಟಿನಲ್ಲಿ ತಲೆ ಆಡಿಸಿದೆ. ಹೇಗೆ ಇಳಿಸಿದಿರಿ ಎಂದು ಅವರು ಕೇಳಲಿಲ್ಲ. 24ಕ್ಕೆ ಆಪರೇಷನ್. ಇನ್ಶೂರೆನ್ಸಿನವರು ಒಂದೇ ದಿನದಲ್ಲಿ ಒಪ್ಪಿಗೆ ಕಳಿಸಿದರು.

ಅಕ್ಟೋಬರ್ 15

ಕಣ್ಣಿನ ಮುಂದೆ ಕಪ್ಪು ದಾರ ತೇಲುತ್ತಿದೆ ಎಂದು ತಂಗಿ ಮೂರು ದಿನದಿಂದ ಹೇಳುತ್ತಿದ್ದಳಂತೆ. ಯಾರಿಗೆ ಹೇಳುತ್ತಿದ್ದಳೋ, ನನಗೆ ಕೇಳಿಸಿರಲಿಲ್ಲ. ಇವತ್ತು ಬೆಳಿಗ್ಗೆ ಬಲಗಣ್ಣಲ್ಲಿ ಪರದೆ ಇಳಿಬಿಟ್ಟ ಹಾಗಾಯಿತು. ಕಣ್ಣಿನ ಡಾಕ್ಟರು ಹನಿ ಹಾಕಿ, ದೀಪ ಬಿಟ್ಟು, ತುಂಬಾ ಹೊತ್ತು ನೋಡಿದರು. ಕಣ್ಣಿನ ಹಿಂದೆ ರಕ್ತ ಸೋರಿದೆ. ಸಕ್ಕರೆಯಿಂದ. ಎಡಗಣ್ಣೂ ಅದೇ ದಾರಿಯಲ್ಲಿದೆ.

ಫೈಲು ತಿರುವಿ ಹಾಕಿದರು. "ಇಷ್ಟು ತಿಂಗಳು ಇಂಜೆಕ್ಷನ್ ತಗೊಂಡೂ ಹೀಗಾಗಿದೆ ಅಂದ್ರೆ... ಪ್ರತಿ ವಾರ ತಗೊಳ್ತಿದ್ರಾ?"

"ಒಂದು ವಾರಾನೂ ತಪ್ಪಿಸಿಲ್ಲ," ಅಂದಳು.

"ಪೂರ್ತಿ?"

"ಪೂರ್ತಿ."

ಅವಳ ಚೀಲ ಹಿಡಿದುಕೊಂಡು ಹಿಂದೆಯೇ ನಿಂತಿದ್ದೆ. ಡಾಕ್ಟರು ನನ್ನ ಕಡೆಗೂ ಒಮ್ಮೆ ನೋಡಿದರು. ಆಪರೇಷನ್ನಿಗೆ ಒಂಬತ್ತು ದಿನ ಇತ್ತು. ಬಾಯಿ ಬಿಡಲಿಲ್ಲ.

ಬಸ್ಸಿನಲ್ಲಿ ತಂಗಿ, "ನೀನೆಲ್ಲಿ ಬಾಯಿ ಬಿಡ್ತೀಯೋ ಅಂತ ಎದೆ ಹೊಡ್ಕೊಳ್ತಿತ್ತು ಅಕ್ಕ," ಅಂದಳು.

ಅವಳು ಸುಮ್ಮನೆ ಹೆದರಿದ್ದಳು.

ನವೆಂಬರ್ 26

ತಿಂಗಳ ಮೇಲಾಯಿತು ಬರೆದು. ಹೊಸ ಮಂಡಿ. ಮೆಟ್ಟಿಲು ಹನ್ನೆರಡು ಹತ್ತಿದೆ, ಹನ್ನೆರಡು ಇಳಿದೆ. ವ್ಯಾಯಾಮ ಹೇಳಿಕೊಡುವವರು ಚಪ್ಪಾಳೆ ತಟ್ಟಿದರು.

ಯಜಮಾನಿ ಹಣ್ಣು ಹಿಡಿದು ಮನೆಗೆ ಬಂದಿದ್ದರು. ಎಷ್ಟು ಸಣ್ಣಗಾಗಿದ್ದೀಯಾ, ಎಷ್ಟು ಚೆನ್ನಾಗಿ ಕಾಣ್ತೀಯಾ — ಅದೇ ಮಾತು ಹತ್ತು ಸಲ. ಹೊರಡುವಾಗ ಬಾಗಿಲ ಹತ್ತಿರ ದನಿ ತಗ್ಗಿಸಿದರು. "ನಿನ್ ತಂಗಿ ಕೈಲಿ ಕಾಜಾ ಆಗ್ತಿಲ್ಲ. ಗುಂಡಿ ಬಣ್ಣ ವಿಂಗಡಿಸೋಕೆ ಕೂರ್ಸಿದ್ದೆ. ನಿನ್ನೆ ಕಪ್ಪು ಕೋಟಿಗೆ ನೀಲಿ ಗುಂಡಿ ಕೊಟ್ಟಿದಾಳೆ. ಏನು ಮಾಡ್ಲಿ ನೀನೇ ಹೇಳು."

ತಂಗಿ ಅಡುಗೆಮನೆಯಲ್ಲಿದ್ದಳು. ಕೇಳಿಸಿರಬೇಕು. ಕಣ್ಣು ಹೋದರೇನು, ಕಿವಿ ಚೆನ್ನಾಗಿದೆ.

ಈಗ ನಾನು ನಿಲ್ಲಬಲ್ಲೆ. ಒಂದು ಗಂಟೆ, ಎರಡು ಗಂಟೆ. ಎಷ್ಟು ಹೊತ್ತು ಬೇಕಾದರೂ. ನಿಂತಲ್ಲೇ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಡಿಸೆಂಬರ್ 4, ಮಧ್ಯಾಹ್ನ 3

ಸಕ್ಕರೆ ಡಾಕ್ಟರಮ್ಮ ಒಳ್ಳೆಯವರು. ಆ ಇಂಜೆಕ್ಷನ್ನನ್ನೇ ಮತ್ತೆ ಕೊಡಿಸಲು ನೋಡುತ್ತಿದ್ದಾರೆ, ಉಳಿದಿರುವ ಕಣ್ಣನ್ನಾದರೂ ಉಳಿಸಬೇಕೆಂದು. ಅದಕ್ಕೆ ತಂಗಿ ಮೇಲ್ಮನವಿ ಫಾರಂ ತುಂಬಿ ಕಳಿಸಬೇಕು. ನಾಡಿದ್ದು ಕೊನೇ ದಿನ. ಎಡಗಣ್ಣೂ ಮಂಜಾಗಿ ಅವಳಿಗೆ ಅಕ್ಷರ ಕಾಣುವುದಿಲ್ಲ. ನಾನು ಓದುವುದು, ಅವಳು ಹೇಳುವುದು, ನಾನು ಬರೆಯುವುದು. ಐದನೇ ಪ್ರಶ್ನೆಯವರೆಗೆ ಸರಾಗವಾಗಿ ಹೋಯಿತು. ಹುಟ್ಟಿದ ದಿನ, ಎತ್ತರ, ತೂಕ.

ಆರನೇದು ಓದಿದೆ. ಸದಸ್ಯರು ನಿಗದಿತ ಪ್ರಮಾಣದ ಔಷಧಿಯನ್ನು ಪ್ರತಿ ವಾರ ತೆಗೆದುಕೊಂಡಿದ್ದಾರೆಯೇ?

"ಹೌದು ಅಂತ ಟಿಕ್ ಹಾಕು," ಅಂದಳು.

"ಹೌದು ಅಂದ್ರೆ ಔಷಧಿ ನಿನಗೆ ಹಿಡಿಸಿಲ್ಲ ಅಂತ್ಲೇ ಆಗುತ್ತೆ ಕಣೇ. ಮತ್ತೆ ಕೊಡಲ್ಲ."

"ಇಲ್ಲ ಅಂದ್ರೆ?"

"ಯಾಕೆ ಅಂತ ಬರಿಯೋಕೆ ಕೆಳಗೆ ನಾಲ್ಕು ಗೆರೆ ಬಿಟ್ಟಿದಾರೆ."

ಫಾರಂ ತಡವಿ ನನ್ನ ಕಡೆ ತಳ್ಳಿದಳು. ಆಮೇಲೆ, "ನಿನ್ ಮಂಡಿ ದುಡ್ಡು ವಾಪಸ್ ಕಟ್ಟೋಕೆ ನಾವಿಬ್ರೂ ಸತ್ತು ಹುಟ್ಟಿದ್ರೂ ಆಗಲ್ಲ. ಹೌದು ಅಂತ ಹಾಕಕ್ಕ. ಒಂದು ಕಣ್ಣು ಇದ್ಯಲ್ಲ," ಅಂದಳು. ಎದ್ದು ಗೋಡೆ ಸವರಿಕೊಂಡು ಒಳಗೆ ಹೋದಳು. ಟೀ ಮಾಡುತ್ತೇನೆ ಎಂದಳು. ಬೇಡ ಅಂದರೆ ಕೇಳುವವಳಲ್ಲ.

ಫಾರಂ ಟೇಬಲ್ಲಿನ ಮೇಲಿದೆ. ಹೊಡೆದುಹಾಕಿ ತಿದ್ದಿ ಬರೆದರೆ ತಿರಸ್ಕರಿಸಲಾಗುವುದು ಎಂದು ಮೇಲೆಯೇ ಅಚ್ಚು ಹಾಕಿದ್ದಾರೆ. ನಾಲ್ಕು ಗೆರೆಯಲ್ಲಿ ಹಿಡಿಸಬೇಕು. ಮೊದಲು ಇಲ್ಲಿ ಬರೆದು ನೋಡುತ್ತೇನೆ —

ಇಲ್ಲ. ಜನವರಿಯಿಂದ ಪ್ರತಿ ವಾರ ಅರ್ಧ ಡೋಸನ್ನು ಮಾತ್ರ ತೆಗೆದುಕೊಂಡಿದ್ದಾಳೆ. ಉಳಿದ ಅರ್ಧವನ್ನು ಅವಳ ಅಕ್ಕ, ಅಂದರೆ